ಮುಂಗಡ ಕೊಟ್ಟಾಗಿದ್ದ ನಾಯಿಮರಿ

ಈ ಪ್ರಕರಣದಲ್ಲಿ ಬರುವವರ ಗುರುತು ತಿಳಿಯದಂತೆ ಉದ್ಯೋಗವೂ ಸೇರಿದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ತಂದೆ ತಾಯಿಯರ ಒಪ್ಪಿಗೆಯ ಜೊತೆಗೆ ಮಗಳ ಒಪ್ಪಿಗೆಯನ್ನೂ ಕೇಳಿ ಪಡೆದಿದ್ದೇನೆ.

ದೀಪಾವಳಿಗೆ ಇನ್ನೂ ಮೂರು ವಾರಗಳಿದ್ದಾಗ ಕರಾವಳಿಯ ಪಟ್ಟಣವೊಂದರಿಂದ ಒಬ್ಬ ತಾಯಿ ಮನೆಯ ವಿಷಯವೊಂದಕ್ಕೆ ಸಲಹೆ ಕೇಳಲು ನನ್ನನ್ನು ಕಾಣಲು ಬಂದರು. ಅವರು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಪತಿ ಹಲವು ವರ್ಷಗಳಿಂದ ಮಸ್ಕತ್‌ನಲ್ಲಿದ್ದು, ವರ್ಷಕ್ಕೊಮ್ಮೆ 30 ದಿನಗಳ ರಜೆಯ ಮೇಲೆ ಊರಿಗೆ ಬರುತ್ತಾರೆ. ಮನೆಯಲ್ಲಿ 11 ವರ್ಷದ ಮಗಳು ಮತ್ತು ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುವ, ಮಡಿಯಲ್ಲಿ ದೇವರ ಪೂಜೆ ಮಾಡುವ 71 ವರ್ಷದ ಅತ್ತೆ ಇದ್ದಾರೆ. ಪತಿಯು ಈ ಸಲದ ಹಬ್ಬಕ್ಕೆ ಮಗಳಿಗೆ ಲ್ಯಾಬ್ರಡಾರ್ ಮರಿಯೊಂದನ್ನು ಉಡುಗೊರೆಯಾಗಿ ಕೊಡಲು ನಿರ್ಧರಿಸಿ, ಸ್ನೇಹಿತರೊಬ್ಬರ ಮೂಲಕ 5,000 ರೂಪಾಯಿ ಮುಂಗಡವನ್ನೂ ಕೊಟ್ಟಿದ್ದರು. ಮಗಳಿಗೆ ಈಗಲೇ ಹೇಳಬಾರದು, ನರಕಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಬಂದಾಗ ಮರಿ ಕಣ್ಣಿಗೆ ಬೀಳಬೇಕು ಎಂಬುದು ಅವರ ಆಸೆಯಾಗಿತ್ತು.

“ಬೇಡ ಅಂದರೆ ಅಪ್ಪ ಮಗಳ ನಡುವೆ ನಾನು ಕೆಟ್ಟವಳಾಗುತ್ತೇನೆ, ಆಗಲಿ ಅಂದರೆ ಮುಂದೆ ಅದರ ಹಿಂದೆ ಓಡುವವಳು ನಾನೇ. ಏನು ಮಾಡಲಿ ಮೇಡಂ?” ಎಂದು ಆ ತಾಯಿ ಕೇಳಿದರು. ನಾಯಿ ಬೇಕೇ ಬೇಡವೇ ಎಂದು ನಾನು ತೀರ್ಪು ಕೊಡಬೇಕೆಂಬ ನಿರೀಕ್ಷೆ ಆ ಮಾತಿನಲ್ಲಿತ್ತು. ಕೊಡುವವರೂ ಪಡೆಯುವವರೂ ಇರುವ ಈ ಉಡುಗೊರೆಯಲ್ಲಿ, ಅದನ್ನು ದಿನವೂ ಸಾಕಬೇಕಾದ ಮೂರನೆಯವರನ್ನು ಯಾರೂ ಕೇಳಿರಲಿಲ್ಲ ಎಂಬುದು ಮೊದಲ ಭೇಟಿಯಲ್ಲೇ ನನಗೆ ಕಂಡ ತೊಡಕು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮರಿ ಬಂದ ಮೇಲೆ ಮನೆಯ ಒಂದು ದಿನ ಹೇಗಿರುತ್ತದೆ ಎಂಬುದನ್ನು ಗಂಟೆಗಂಟೆಗೆ ಬರೆದು ಪತಿಗೆ ಕಳುಹಿಸುವಂತೆ ತಾಯಿಗೆ ಸೂಚಿಸಿದೆ. ಅವರು ಶ್ರದ್ಧೆಯಿಂದ ಎರಡು ಪುಟ ಬರೆದರು. ದೂರದಲ್ಲಿ ಕುಳಿತ ಪತಿಗೆ ಅದು ದೂರುಪಟ್ಟಿಯಂತೆ ಕಂಡು, ನಾಲ್ಕು ದಿನ ಇಬ್ಬರ ನಡುವೆ ಮಾತೇ ನಿಂತಿತು. ಹೊರೆಯನ್ನು ಹೊರುವವರೇ ಅದರ ತೂಕವನ್ನೂ ಸಾಬೀತುಪಡಿಸಬೇಕೆಂದು ನಾನು ಹೇಳಿದಂತಾಗಿತ್ತು. ಆ ಪಟ್ಟಿಯನ್ನು ಬರೆಯಬೇಕಾದವರು ಪತಿಯೇ ಆಗಿದ್ದರು.

ಮಸ್ಕತ್‌ನಲ್ಲಿ ಶುಕ್ರವಾರ ರಜೆಯಾದ್ದರಿಂದ ಅಂದು ಸಂಜೆ ವಿಡಿಯೊ ಕರೆಯಲ್ಲಿ ದಂಪತಿಯನ್ನು ಒಟ್ಟಿಗೆ ಕೂರಿಸಿಕೊಂಡೆ. ತಂದೆ ಕಠಿಣ ಮನುಷ್ಯರೇನಲ್ಲ. “ನಾನು ಹೊರಟು ಹೋದ ಮೇಲೂ ನಾನು ಕೊಟ್ಟದ್ದೊಂದು ಅವಳ ಕಾಲಿನ ಸುತ್ತ ಓಡಾಡುತ್ತಿರಲಿ” ಎಂದು ಅವರು ಹೇಳಿದಾಗ ಅವರ ಹೆಂಡತಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆ ಮಾತನ್ನು ಗೌರವಿಸಿಯೇ, ರಜೆಯ 31ನೆಯ ದಿನದ, ಅಂದರೆ ತಾವು ವಿಮಾನ ಹತ್ತಿದ ಮರುದಿನದ ದಿನಚರಿಯನ್ನು ಅಲ್ಲೇ ಬರೆಯಿರಿ ಎಂದು ಕೇಳಿಕೊಂಡೆ. ಎರಡು ತಿಂಗಳ ಮರಿಯನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಮೂತ್ರಕ್ಕೆ ಹೊರಗೆ ಕರೆದೊಯ್ಯಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿಸಿದ್ದೆ. ಅವರು ಬೆಳಗಿನ ಒಂಬತ್ತರವರೆಗೆ ಬರೆದು ಪೆನ್ನು ಕೆಳಗಿಟ್ಟರು. ಒಂಬತ್ತಕ್ಕೆ ಹೆಂಡತಿ ಕೆಲಸಕ್ಕೆ ಹೋಗುತ್ತಾರೆ, ಮಗಳು ಅಷ್ಟರಲ್ಲಿ ಶಾಲೆಯಲ್ಲಿರುತ್ತಾಳೆ, ಉಳಿಯುವವರು ಅವರ ತಾಯಿ ಒಬ್ಬರೇ. ನುಣುಪಾದ ಟೈಲ್ಸ್ ನೆಲದ ಮೇಲೆ ಕಾಲಿಗೆ ಅಡ್ಡ ಬರುವ ಮರಿಯಿಂದ ಅಂಥವರು ಜಾರಿ ಬೀಳಬಹುದೆಂಬ ಭಯವನ್ನು ತಂದೆಯೇ ಮೊದಲು ಆಡಿದರು. ಮಡಿಯ ಪ್ರಶ್ನೆಯೇ ದೊಡ್ಡದಾಗುತ್ತದೆಂದು ನಾವೆಲ್ಲ ಎಣಿಸಿದ್ದೆವು. ಆದರೆ ಅಜ್ಜಿ, ದೇವರ ಕೋಣೆಗೆ ಬಾಗಿಲಿದೆಯಲ್ಲ, ಅದನ್ನು ಹಾಕಿಕೊಂಡರಾಯಿತು ಎಂದುಬಿಟ್ಟಿದ್ದರಂತೆ.

ಮರಿಯ ಕಡೆಯಿಂದಲೂ ಕೆಲವು ವಿಷಯಗಳನ್ನು ಅವರ ಮುಂದಿಟ್ಟೆ. ಹಬ್ಬದ ದಿನಕ್ಕೆ ಅದಕ್ಕೆ ಇನ್ನೂ 45 ದಿನವಾಗುತ್ತಿತ್ತು. 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ತಾಯಿಯಿಂದಲೂ ಒಡಹುಟ್ಟಿದ ಮರಿಗಳಿಂದಲೂ ಅದು ಕಲಿಯಬೇಕಾದದ್ದು ಆ ವಾರಗಳಲ್ಲಿ ಬಹಳವಿರುತ್ತದೆ. ಸುಮಾರು ಮೂರರಿಂದ ಹದಿನಾಲ್ಕು ವಾರಗಳವರೆಗಿನ ಅವಧಿಯಲ್ಲಿ ಮರಿಯ ಮನಸ್ಸಿನಲ್ಲಿ ಕೂತ ಹೆದರಿಕೆ ಮುಂದೆಯೂ ಉಳಿಯುವ ಸಾಧ್ಯತೆ ಹೆಚ್ಚಾದ್ದರಿಂದ, ಬೀದಿಯುದ್ದಕ್ಕೂ ಪಟಾಕಿ ಸಿಡಿಯುವ ಮೂರು ರಾತ್ರಿಗಳಲ್ಲಿ ಅದನ್ನು ಹೊಸ ಮನೆಗೆ ತರುವುದು ವರ್ಷದಲ್ಲೇ ಅತ್ಯಂತ ಕೆಟ್ಟ ಮುಹೂರ್ತ. ಪಾರ್ವೊ, ಡಿಸ್ಟೆಂಪರ್ ಎಂಬ ನಾಯಿರೋಗಗಳ ಲಸಿಕೆಗಳನ್ನು ಮೂರು ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ತಿಂಗಳು ತುಂಬುವವರೆಗೂ ಕೊಡಿಸಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು; ಈ ಓಡಾಟ ಬಹುಪಾಲು ತಂದೆ ಮಸ್ಕತ್‌ಗೆ ಮರಳಿದ ಮೇಲೆ ಬರುವಂಥದ್ದು. ಲ್ಯಾಬ್ರಡಾರ್ ಬೆಳೆದರೆ 30 ಕಿಲೊ ತೂಗುತ್ತದೆ, ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗಳು ಪದವಿ ಮುಗಿಸಿರುತ್ತಾಳೆ, ಬಹುಶಃ ಆ ಊರಿನಲ್ಲಿಯೇ ಇರುವುದಿಲ್ಲ.

ಮಗಳನ್ನು ಕೇಳದೆ ಏನನ್ನೂ ನಿರ್ಧರಿಸಬಾರದು, ಗುಟ್ಟನ್ನು ಬಿಟ್ಟುಕೊಟ್ಟರೂ ಪರವಾಗಿಲ್ಲ ಎಂದು ಸಲಹೆ ನೀಡಿದೆ. ಮರುವಾರ ಅವಳು ಒಬ್ಬಳೇ ನನ್ನೊಂದಿಗೆ ಕುಳಿತಳು. ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತಾ, ನಾಯಿ ಬೇಕೆಂದು ಹಟ ಹಿಡಿದದ್ದು ಮೂರನೆಯ ಕ್ಲಾಸಿನ ಕೊನೆಯಲ್ಲಿ, ಈಗ ನಾಯಿಯೆಂದರೆ ಇಷ್ಟವೇ ಆದರೂ ವಾರದಲ್ಲಿ ಮೂರು ಸಂಜೆ ಯಕ್ಷಗಾನದ ತರಗತಿಯಿದೆ, ಅದನ್ನು ಬಿಡಲು ಮನಸ್ಸಿಲ್ಲ ಎಂದಳು. “ಅಪ್ಪ ನನಗೆ ಇನ್ನೂ ಒಂಬತ್ತು ವರ್ಷ ಅಂದುಕೊಂಡಿದ್ದಾರೆ. ಬೇಡ ಅಂದರೆ ಪಾಪ, ಅವರಿಗೆ ಬೇಜಾರಾಗ್ತದೆ.” ತರಗತಿಯ ಶುಲ್ಕ ಕಳುಹಿಸಿದ್ದು ತಂದೆಗೆ ನೆನಪಿತ್ತು, ಅದು ವಾರಕ್ಕೆ ಮೂರು ಸಂಜೆ ಎಂಬುದು ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಬರುವವರ ಮನಸ್ಸಿನಲ್ಲಿ ಮಕ್ಕಳು ಹಿಂದಿನ ರಜೆಯ ಎತ್ತರದಲ್ಲೇ ನಿಂತಿರುವುದನ್ನು ಕರಾವಳಿಯ ಬೇರೆ ಮನೆಗಳಲ್ಲಿಯೂ ನಾನು ಕಂಡಿದ್ದೇನೆ.

ಈ ಮಾತನ್ನು ತಂದೆಗೆ ಯಾರು ತಲುಪಿಸಬೇಕೆಂಬ ಆಯ್ಕೆಯನ್ನು ಅವಳಿಗೇ ಬಿಟ್ಟೆ. ನಾನು ಹೇಳುವುದೂ ಬೇಡ, ಅಮ್ಮ ಹೇಳುವುದೂ ಬೇಡ, ಫೋನಿನಲ್ಲಿ ತಾನೇ ಹೇಳುತ್ತೇನೆ, ಎದುರಿಗಾದರೆ ಅಳು ಬರುತ್ತದೆ ಎಂದಳು. ತಾಯಿಗೆ, ಮಗಳ ಆ ಮಾತಿನ ಮೇಲೆ ತಮ್ಮ ಸಮರ್ಥನೆಯನ್ನು ಹೇರದೆ, “ನೋಡಿ, ನಾನು ಅಂದಿರಲಿಲ್ಲವೇ” ಎನ್ನದೆ ಇರಬೇಕೆಂದು ಕಟ್ಟುನಿಟ್ಟಾಗಿ ಸೂಚಿಸಿದೆ. ತಂದೆಗೆ ಕೊಟ್ಟ ಸಲಹೆ ಎರಡು ಭಾಗದ್ದು. ಮುಂಗಡ ಹೋದರೂ ಸರಿ, ಮರಿಯನ್ನು ಈ ಹಬ್ಬಕ್ಕೆ ತರಬಾರದು. ಮುಂದೆ ಎಂದಾದರೂ ಎಲ್ಲರೂ ಕೂತು ನಾಯಿ ಸಾಕೋಣವೆಂದು ತೀರ್ಮಾನಿಸಿದರೆ, ಮಗಳು ದಿನವಿಡೀ ಮನೆಯಲ್ಲಿರುವ ಏಪ್ರಿಲ್ ರಜೆಯ ಆರಂಭದಲ್ಲಿ, ಮರಿಗಿಂತ ಒಂದೆರಡು ವರ್ಷದ, ಲಸಿಕೆಯಾದ, ಸ್ವಭಾವ ತಿಳಿದಿರುವ ಊರನಾಯಿಯನ್ನು ಆಶ್ರಯಧಾಮದಿಂದ ತರುವುದು ಈ ಮನೆಗೆ ಹೊಂದುತ್ತದೆ. ಖರ್ಚಿಗೆ ಹಣ ಕಳುಹಿಸಿದರಷ್ಟೇ ಸಾಲದು, ಅತ್ತೆ ಸೊಸೆ ಇಬ್ಬರೂ ಒಪ್ಪಿ, ಹಗಲಿನಲ್ಲಿ ನೋಡಿಕೊಳ್ಳುವವರೊಬ್ಬರು ಗೊತ್ತಾಗಿರಬೇಕು.

ಮಗಳು ಹೇಳಿದ ರಾತ್ರಿ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿನ್ನ ತರಗತಿ ಯಾವ ಯಾವ ದಿನ ಎಂದು ಕೇಳಿ ಬರೆದುಕೊಂಡರೆಂದು ತಾಯಿ ತಿಳಿಸಿದರು. ರಜೆಯಲ್ಲಿ ಬಂದವರು ಆ ಮೂರು ಸಂಜೆಗಳಲ್ಲಿ ಅವಳನ್ನು ತಾವೇ ಸ್ಕೂಟರಿನಲ್ಲಿ ಕರೆದೊಯ್ದು, ಹೊರಗಿನ ಬೆಂಚಿನಲ್ಲಿ ಕುಳಿತು ಕಾದರು. ಏಪ್ರಿಲ್ ಬಂದು ಹೋಯಿತು, ನಾಯಿಯ ಮಾತು ಮತ್ತೆ ಎದ್ದಿಲ್ಲ. ಮುಂಗಡದ 5,000 ರೂಪಾಯಿಯೂ ಮರಳಿ ಬರಲಿಲ್ಲ.