ಸಿಂಥೆಟಿಕ್ ಬಯಾಲಜಿಗೆ ಪ್ರತಿ ದೇಶವೂ ತನ್ನದೇ ನಿಯಮ ಮಾಡಿಕೊಂಡರೆ ಸಾಲದೆ?

ಸಾಲದು. ಡಿಎನ್‌ಎಯನ್ನು ಹೊಸದಾಗಿ ಬರೆದು ಜೀವಿಗಳನ್ನು ರೂಪಿಸುವುದೇ ಸಿಂಥೆಟಿಕ್ ಬಯಾಲಜಿ. ಹಾಗೆ ರೂಪಿಸಿದ ಜೀವಿಯೂ ತಾನಾಗಿಯೇ ಸಂತಾನ ಬೆಳೆಸಬಲ್ಲದು. ಒಮ್ಮೆ ಹೊರಬಿದ್ದರೆ ಅದು ದೇಶದ ಗಡಿ ನೋಡಿ ನಿಲ್ಲುವುದಿಲ್ಲ.

ನಮ್ಮ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ರೇಷ್ಮೆ ಹುಳುವಿಗೆ ಬರುವ ಪೆಬ್ರಿನ್ ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವುದರಿಂದ, ಬೆಳೆಗಾರರಿಗೆ ಮೊಟ್ಟೆ ತಯಾರಿಸಿ ಕೊಡುವ ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುತ್ತಾರೆ. ಒಂದು ಕೋಠಿ ಈ ಪರೀಕ್ಷೆ ತಪ್ಪಿಸಿದರೂ ನಷ್ಟ ಹಲವು ಊರುಗಳ ಹುಳುಮನೆಗಳಿಗೆ.

ಇದೇ ಕಾರಣಕ್ಕೆ 2024ರ ಡಿಸೆಂಬರ್‌ನಲ್ಲಿ ಹಲವು ದೇಶಗಳ 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯ ಮೂಲಕ ‘ಕನ್ನಡಿ ಬ್ಯಾಕ್ಟೀರಿಯಾ’ವನ್ನು ಸೃಷ್ಟಿಸಬಾರದೆಂದು ಕೇಳಿಕೊಂಡರು. ಎಡಗೈ ಬಲಗೈಗಳಂತೆ ಅಣುಗಳಿಗೂ ಪ್ರತಿಬಿಂಬ ರೂಪವಿದೆ. ನಮ್ಮ ರೋಗನಿರೋಧಕ ಶಕ್ತಿ ಶತ್ರುವನ್ನು ಗುರುತಿಸುವುದು ಅಣುಗಳ ಆಕಾರದಿಂದಲೇ ಆದ್ದರಿಂದ, ಎಲ್ಲ ಅಣುಗಳೂ ತಿರುಗುಮುರುಗಾಗಿರುವ ಜೀವಿ ಅದರ ಕಣ್ಣು ತಪ್ಪಿಸಬಹುದು. ಅಂಥ ಜೀವಿ ಇನ್ನೂ ಹುಟ್ಟಿಲ್ಲ. ಅದನ್ನು ರೂಪಿಸುವ ದಾರಿಯಲ್ಲಿ ದುಡಿದಿದ್ದ ಕೆಲವರೇ ಈ ಎಚ್ಚರಿಕೆಗೆ ಸಹಿ ಹಾಕಿದ್ದು ನನ್ನಲ್ಲಿ ನಿಜವಾದ ಗೌರವ ಮೂಡಿಸಿದೆ.

ಸಹಕಾರವೆಂದರೆ ತಡೆಯುವುದಷ್ಟೇ ಅಲ್ಲ: ಯೀಸ್ಟಿನ 16 ವರ್ಣತಂತುಗಳನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಅಮೆರಿಕ, ಬ್ರಿಟನ್, ಚೀನಾ, ಆಸ್ಟ್ರೇಲಿಯಾ ಮುಂತಾದ ದೇಶಗಳ ಪ್ರಯೋಗಾಲಯಗಳು ಹಂಚಿಕೊಂಡೇ ಮಾಡಿದವು.