ವಿಂಡೋಸ್ ಹೊಡೆಯುವ ಮೊದಲು ತಾರೀಖು ನೋಡಿರಿ

‘ನೆಟ್ ಐತಿ, ಡ್ರೈವ್ ಕನೆಕ್ಟ್ ಆಗವಲ್ದು.’ ಈಚೆಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇದೇ. ಡ್ರೈವ್ ಎಂದರೆ ಗೂಗಲ್ ಡ್ರೈವ್, ಒನ್‌ಡ್ರೈವ್‌ನಂಥ, ನೆಟ್ ಮೇಲೆ ಫೈಲು ಇಡುವ ಜಾಗ. ಜತೆಗೆ ಒಂದು ಉದ್ದನೆಯ ಪಟ್ಟಿ ಇರುತ್ತದೆ: ಸಾಫ್ಟ್‌ವೇರ್ ತೆಗೆದು ಹಾಕಿದೆ, ರೌಟರ್ ರಿಸೆಟ್ ಮಾಡಿದೆ, ಯೂಟ್ಯೂಬ್‌ನಲ್ಲಿ ಹೇಳಿದ್ದೆಲ್ಲ ಮಾಡಿದೆ. ಕಂಪ್ಯೂಟರಿನ ಪರದೆಯಲ್ಲಿ ಏನು ಬರೆದಿತ್ತು ಎಂಬುದು ಮಾತ್ರ ಇರುವುದಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡುವುದು, ಪಾಸ್‌ವರ್ಡ್ ನೋಡುವುದು ಇತ್ಯಾದಿಗಳನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟೂ ಮಾಡದವರು ಮೊದಲು ಅದನ್ನು ಮಾಡಿರಿ.

ಪ್ರಶ್ನೆ: ನಮ್ಮದು ಫೋಟೊ ಸ್ಟುಡಿಯೊ. ಮದುವಿ ಫೋಟೊ ಗೂಗಲ್ ಡ್ರೈವ್‌ಗೆ ಹಾಕ್ತೀವಿ. ಮುಂಜಾನೆ ಅಂಗಡಿ ತೆಗೆದು ಕಂಪ್ಯೂಟರ್ ಹಚ್ಚಿದ್ರ ಡ್ರೈವ್ ಕನೆಕ್ಟ್ ಆಗೂದಿಲ್ಲ. ಅದ ವೈಫೈದಾಗ ಮೊಬೈಲ್ ಚಲೋ ಓಡ್ತೈತಿ. ಒಬ್ಬ ಹುಡುಗ ಬಂದು ಎರಡು ಸಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹೊಡದ. ಆವತ್ತು ಸರಿ ಇರ್ತೈತಿ, ಮರುದಿನ ಮತ್ತ ಅದ ಹಣೇಬರಾ. ಸ್ಕ್ರೀನ್ ಫೋಟೊ ಕಳಿಸೀನ್ರಿ.
— ಸ್ಟುಡಿಯೊ ಮಾಲೀಕರು, ಬನಹಟ್ಟಿ

ಉತ್ತರ: ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ನಡುವಿನ ಕೆಂಪು ಎಚ್ಚರಿಕೆಯನ್ನು ನೀವು ದೊಡ್ಡದಾಗಿ ಹಿಡಿದಿದ್ದೀರಿ, ಆದರೆ ಉತ್ತರ ಇರುವುದು ಬಲಗಡೆ ಕೆಳಗಿನ ಮೂಲೆಯಲ್ಲಿ. ಅಲ್ಲಿ ತಾರೀಖು 2015ರ ಜನವರಿ 1 ಎಂದಿದೆ.

ಡ್ರೈವ್‌ಗೆ ಕನೆಕ್ಟ್ ಆಗುವಾಗ ಆ ಕಡೆಯ ಸರ್ವರ್ ತನ್ನ ಗುರುತಿಗೆ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಗೂಗಲ್‌ನವರದು ಸುಮಾರು ಮೂರು ತಿಂಗಳಿಗೆ ಮುಗಿದು ಹೊಸದು ಬರುತ್ತದೆ. ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಈಗ 2015, ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಬಾಗಿಲು ಹಾಕಿಕೊಳ್ಳುತ್ತದೆ. ನೆಟ್‌ನದೂ ತಪ್ಪಲ್ಲ, ಡ್ರೈವ್‌ನದೂ ತಪ್ಪಲ್ಲ. ಮೊಬೈಲ್ ತನ್ನ ಟೈಮನ್ನು ಟವರ್‌ನಿಂದ ತೆಗೆದುಕೊಳ್ಳುತ್ತದೆ, ಅದಕ್ಕೇ ಅದೇ ವೈಫೈನಲ್ಲಿ ಅದು ಚಲೋ ಓಡುತ್ತದೆ.

ರಾತ್ರಿ ಅಂಗಡಿ ಹಾಕುವಾಗ ನೀವು ಮೇನ್ ಸ್ವಿಚ್ ಆಫ್ ಮಾಡುತ್ತೀರಿ. ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರ ನಡೆಸುವುದು ಮದರ್‌ಬೋರ್ಡ್ ಮೇಲಿನ ಒಂದು ದುಂಡನೆಯ ಸೆಲ್. ಅದು ಸತ್ತಿದೆ. ದಿನಾ ಮುಂಜಾನೆ ಕಪ್ಪು ಪರದೆಯ ಮೇಲೆ ‘ಎಫ್1 ಒತ್ತಿ’ ಎಂಬಂಥ ಒಂದು ಸಾಲು ಬರುತ್ತಿರಬೇಕು, ನೀವೂ ಓದದೇ ಒತ್ತಿ ಮುಂದೆ ಹೋಗುತ್ತಿರಬೇಕು. ಆ ಸಾಲೇ ಸೆಲ್‌ನ ಸುದ್ದಿ. ವಿಂಡೋಸ್ ಹೊಡೆದಾಗ ಆ ಹುಡುಗ ಟೈಮನ್ನೂ ಸರಿ ಮಾಡುತ್ತಾನೆ. ಸರಿ ಹೋಗುವುದು ಅದರಿಂದ, ದುಡ್ಡು ಕೊಡುವುದು ಫಾರ್ಮ್ಯಾಟ್‌ಗೆ. ಗೊತ್ತಿದ್ದೂ ಹೀಗೆ ಮಾಡುವವರು ನಮ್ಮ ಊರಲ್ಲೂ ಇದ್ದಾರೆ. ಅವರಿಗೆ ತಾಂತ್ರಿಕ ಜ್ಞಾನ ಕಡಿಮೆ ಎಂದು ನಾನು ನಂಬುವುದಿಲ್ಲ.

ಸೆಲ್‌ನ ನಂಬರು ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿನದು. ಕೈಗಡಿಯಾರ ರಿಪೇರಿಯವರ ಹತ್ತಿರವೂ ಸಿಗುತ್ತದೆ, ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿಂದಷ್ಟು ಖರ್ಚು. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಮಗ್ಗುಲ ತಗಡು ಬಿಚ್ಚಿ, ಕ್ಲಿಪ್ ಸರಿಸಿ, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿರಿ.

ಆಮೇಲೆ ತಾರೀಖನ್ನು ಮೊದಲು ಕೈಯಿಂದಲೇ ತಿದ್ದಿರಿ. ‘ಆಟೊಮ್ಯಾಟಿಕ್ ಇಟ್ಟೀನಲ್ಲ’ ಎನ್ನಬೇಡಿರಿ. ವ್ಯತ್ಯಾಸ 15 ತಾಸಿಗಿಂತ ಹೆಚ್ಚಿದ್ದರೆ ವಿಂಡೋಸ್‌ನ ಟೈಮ್ ಸರ್ವಿಸ್ ಸಾಮಾನ್ಯವಾಗಿ ತಾನಾಗಿ ತಿದ್ದಲು ಒಪ್ಪುವುದಿಲ್ಲ. ನೀವು ಹತ್ತಿರಕ್ಕೆ ತಂದುಕೊಟ್ಟರೆ ನಿಮಿಷ, ಸೆಕೆಂಡನ್ನು ಅದು ನೋಡಿಕೊಳ್ಳುತ್ತದೆ. ಇನ್ನೊಂದು, ಟೈಮ್ ಝೋನ್. ಹೊಸದಾಗಿ ಹೊಡೆದ ವಿಂಡೋಸ್ ಎಷ್ಟೋ ಸಲ ಅಮೆರಿಕದ ಪೆಸಿಫಿಕ್ ಟೈಮಿನಲ್ಲೇ ಉಳಿದಿರುತ್ತದೆ. ಅವಸರದ ರಿಪೇರಿಯವರು ಝೋನ್ ಬಿಟ್ಟು ಮುಳ್ಳು ಮಾತ್ರ ತಿರುಗಿಸುತ್ತಾರೆ. ನಿಮ್ಮ ಕಣ್ಣಿಗೆ ಟೈಮ್ ಸರಿ, ಜಗತ್ತಿನ ಲೆಕ್ಕಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ತಪ್ಪು. ಆಗ ಒಂದು ಕೆಲಸ ಆಗುತ್ತದೆ, ಇನ್ನೊಂದು ಆಗುವುದಿಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಝೋನ್ ಯುಟಿಸಿ +5:30, ಅಂದರೆ ಭಾರತದ ಟೈಮ್ ಇರಲಿ.

ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಫೋಟೊಗಳನ್ನು ಜಿ ಡ್ರೈವ್‌ಗೆ (ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್ ಕಾಣುವ ಜಾಗ) ಕಾಪಿ ಮಾಡಿದ ತಕ್ಷಣ ಕ್ಯಾಮೆರಾ ಕಾರ್ಡ್ ಖಾಲಿ ಮಾಡುತ್ತೀರಾ? ಜಿ ಡ್ರೈವ್‌ನಲ್ಲಿ ಕಾಣುತ್ತದೆ ಎಂದರೆ ಮೇಲೆ ಹೋಗಿದೆ ಎಂದಲ್ಲ. ಸ್ಟ್ರೀಮಿಂಗ್ ಮೋಡ್‌ನಲ್ಲಿ (ಫೈಲುಗಳನ್ನು ನೆಟ್ ಮೇಲೆಯೇ ಇಟ್ಟು ಬೇಕಾದಾಗ ತೋರಿಸುವ ರೀತಿ), ಅಪ್‌ಲೋಡ್ ಆಗುವ ತನಕ ಆ ಫೈಲುಗಳು ನಿಮ್ಮ ಸಿ ಡ್ರೈವ್‌ನ ಒಂದು ಅಡಗಿದ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಕನೆಕ್ಷನ್ ಇಲ್ಲದ ದಿನ ಕಾಪಿ ಮಾಡಿ, ಮರುದಿನ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸಿದರೆ ಒಬ್ಬರ ಅಕ್ಕಿಕಾಳಿನ ಫೋಟೊ ಎಲ್ಲಿಯೂ ಇರುವುದಿಲ್ಲ. ಅಕೌಂಟ್ ಡಿಸ್‌ಕನೆಕ್ಟ್ ಮಾಡುವಾಗಲೂ ಇದೇ ಅಪಾಯ. ಮೊದಲು ಬಾಕಿ ಉಳಿದ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದಿಡಿ. ಮೇಲೆ ಹೋಗಿದೆಯೋ ಇಲ್ಲವೋ ನೋಡಲು ಮೊಬೈಲ್‌ನಲ್ಲಿ ಡ್ರೈವ್ ತೆರೆಯಿರಿ. ಅಲ್ಲಿ ಕಂಡರೆ ನಂಬಿರಿ.

‘ಅಡ್ವಾನ್ಸ್ಡ್ ಒತ್ತಿ ಮುಂದ ಹೋಗ್ರಿ, ಏನೂ ಆಗೂದಿಲ್ಲ’ ಎಂದು ವೀಡಿಯೊದಲ್ಲಿ ಹೇಳುವವರ ಮಾತು ಕೇಳಬೇಡಿರಿ. ಆ ಕೆಂಪು ಎಚ್ಚರಿಕೆಯನ್ನು ದಾಟುವುದು ಒಮ್ಮೆ ರೂಢಿಯಾದರೆ ನಾಳೆ ಬ್ಯಾಂಕಿನ ಹೆಸರಿನ ಕಳ್ಳ ಸೈಟಿನಲ್ಲೂ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ: ಸೀರಿ ಫೋಟೊ ಸಾವಿರಾರು ಡಿಲೀಟ್ ಮಾಡಿದೆ. ಆದರೂ ಸ್ಟೋರೇಜ್ ಫುಲ್ ಅಂತೈತಿ, ಮೇಲ್ ಸೈತ ಬರವಲ್ದು.
— ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೊಸ್ ಮೂರಕ್ಕೂ ಪಾಲಿದೆ. ನೀವು ಅಳಿಸಿದ್ದು ಟ್ರ್ಯಾಶ್‌ನಲ್ಲಿದೆ, ಅದೂ ಲೆಕ್ಕಕ್ಕೆ ಬರುತ್ತದೆ. ಖಾಲಿ ಮಾಡಿರಿ.

ಪ್ರಶ್ನೆ: ವಿಂಡೋಸ್ 7ರಲ್ಲಿ ಒನ್‌ಡ್ರೈವ್ ಸಿಂಕ್ ಆಗುತ್ತಿಲ್ಲ.
— ಬೆಳಗಾವಿ

ಉತ್ತರ: 2022ರ ಮಾರ್ಚ್ 1ಕ್ಕೇ ನಿಂತಿದೆ. ಇನ್ನು ಆಗುವುದಿಲ್ಲ.

ಪ್ರಶ್ನೆ: ಫ್ರೀ ವಿಪಿಎನ್ ಹಾಕಿದರೆ ಡ್ರೈವ್ ಬೇಗ ಕನೆಕ್ಟ್ ಆಗುತ್ತದಂತೆ, ಹೌದೇ?
— ಮುಧೋಳ

ಉತ್ತರ: ಇಲ್ಲ. ವಿಪಿಎನ್ ಎಂದರೆ ನಿಮ್ಮ ನೆಟ್ಟನ್ನು ಬೇರೊಂದು ಸರ್ವರ್ ಸುತ್ತಿಸಿ ಕಳಿಸುವ ಸಾಫ್ಟ್‌ವೇರ್. ಹಾಕಿದ್ದರೆ ತೆಗೆಯಿರಿ.

ಪ್ರಶ್ನೆ: ಗೂಗಲ್‌ನಲ್ಲಿ ಹುಡುಕಿ ಡ್ರೈವ್‌ನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಯಾವುದೋ ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಟ್ಟಲು ಹೇಳಿದರು. ಕಟ್ಟಲೇ?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಕಟ್ಟಬೇಡಿರಿ, ಗುರುಗಳೇ. ಪುಕ್ಕಟೆ ಅಕೌಂಟಿಗೆ ಫೋನ್ ಎತ್ತಿ ಮಾತಾಡುವ ಕಸ್ಟಮರ್ ಕೇರ್ ಇಲ್ಲ. ಆ ಆ್ಯಪ್ ಇದ್ದರೆ ನಿಮ್ಮ ಮೊಬೈಲ್ ಪರದೆ ಅವರಿಗೆ ಕಾಣುತ್ತದೆ. ಹತ್ತು ರೂಪಾಯಿ ಕಟ್ಟಿಸುವುದು ನಿಮ್ಮ ಪಿನ್ ನೋಡಲು. ಈಗಲೇ ನೆಟ್ ಬಂದ್ ಮಾಡಿ, ಆ್ಯಪ್ ತೆಗೆದುಹಾಕಿ, ಬೇರೆ ಮೊಬೈಲ್‌ನಿಂದ ಪಾಸ್‌ವರ್ಡ್ ಬದಲಿಸಿರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿರಿ. ಮರ್ಯಾದೆ ಹೋಗುತ್ತದೆಂದು ಮುಚ್ಚಿಡಬೇಡಿರಿ, ತಡವಾದಷ್ಟು ಹಣ ಕೈಗೆ ಸಿಗುವುದು ಕಷ್ಟ.

ಪ್ರಶ್ನೆ: ತೋಟದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದರೆ ಲ್ಯಾಪ್‌ಟಾಪ್‌ನಲ್ಲಿ ನೆಟ್ ಬರುತ್ತದೆ, ಒನ್‌ಡ್ರೈವ್ ಮಾತ್ರ ‘ಪಾಝ್ಡ್’ (ತಡೆದು ನಿಲ್ಲಿಸಿದೆ) ಎನ್ನುತ್ತದೆ.
— ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ಆ ಕನೆಕ್ಷನ್ ‘ಮೀಟರ್ಡ್’ (ಡೇಟಾ ಲೆಕ್ಕವಿಟ್ಟು ಬಳಸುವುದು) ಎಂದಿದ್ದರೆ ನಿಮ್ಮ ಡೇಟಾ ಉಳಿಸಲು ಅದೇ ನಿಲ್ಲಿಸಿಕೊಂಡಿದೆ. ಬ್ಯಾಟರಿ ಸೇವರ್ ಆನ್ ಇದ್ದರೂ ಹಾಗೆಯೇ. ಅವಸರವಿದ್ದರೆ ‘ಸಿಂಕ್ ಎನಿವೇ’ ಒತ್ತಿರಿ.

ಪ್ರಶ್ನೆ: 20 ಜಿಬಿ ವೀಡಿಯೊ ಹಾಕಿದ್ದೇನೆ, ಎರಡು ತಾಸಾದರೂ ಮುಗಿದಿಲ್ಲ. ಕನೆಕ್ಷನ್ ಕೆಟ್ಟಿದೆಯೇ?
— ಜಮಖಂಡಿ

ಉತ್ತರ: ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಬಿಟ್ಟು ಅಪ್‌ಲೋಡ್ ಅಂಕಿ ನೋಡಿರಿ. ಅದು 10 ಎಂಬಿಪಿಎಸ್ ಇದ್ದರೆ 20 ಜಿಬಿಗೆ ಕಡಿಮೆಯೆಂದರೂ ಸುಮಾರು ನಾಲ್ಕೂವರೆ ತಾಸು ಬೇಕು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಜಿಬಿ ಎಂದರೆ ಬೈಟ್‌ನ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್, ಲೆಕ್ಕ ನೀವೇ ಹಾಕಿರಿ. ರಾತ್ರಿ ಹಚ್ಚಿಡಿರಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ‘ನೆವರ್’ ಮಾಡಿರಿ, ಇಲ್ಲದಿದ್ದರೆ ಅರ್ಧ ತಾಸಿಗೆ ಕಂಪ್ಯೂಟರ್ ಮಲಗಿ ಅಪ್‌ಲೋಡ್ ನಿಂತಿರುತ್ತದೆ.