ಬಿಗಿ ಬಂದ ಕೈಗೆ ರಬ್ಬರ್ ಚೆಂಡು ಬೇಡ

ಪ್ರಶ್ನೆ: ನಮ್ಮ ಮಾವನವರಿಗೆ 62 ವರ್ಷ. ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮೊದಲು ಜೋತುಬಿದ್ದಿದ್ದ ಕೈ ಈಗ ಮಡಚಿಕೊಂಡು ಎದೆಗೆ ಅಂಟಿದೆ, ಮುಷ್ಟಿ ಬಿಗಿಯಾಗಿದೆ. ಆಕಳಿಸಿದರೆ ಕೈ ತಾನಾಗಿ ಮೇಲೇಳುತ್ತದೆ. ಶಕ್ತಿ ಬರುತ್ತಿದೆಯೆಂದು ಚೆಂಡು ಹಿಸುಕಿಸುತ್ತಿದ್ದೇವೆ. ಊರವರು ಪಾರಿವಾಳದ ರಕ್ತ ಹಚ್ಚಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಪಾರಿವಾಳ ಬದುಕಿಕೊಳ್ಳಲಿ, ಅದರ ರಕ್ತದಿಂದ ಏನೂ ಆಗದು. ಚೆಂಡನ್ನೂ ಎತ್ತಿಡಿ. ನೀವು ನೋಡುತ್ತಿರುವುದು ಶಕ್ತಿಯಲ್ಲ, ಬಿಗಿತ. ಮಿದುಳಿನ ಹತೋಟಿ ತಪ್ಪಿದಾಗ ಬೆನ್ನುಹುರಿ ಪ್ರತಿ ಎಳೆತಕ್ಕೂ ಮರುಎಳೆತ ಕೊಡುತ್ತದೆ. ರಭಸದಿಂದ ಎಳೆದಷ್ಟೂ ಕೈ ಬಿಗಿಯುತ್ತದೆ. ಆಕಳಿಕೆಗೆ ಕೈ ಏಳುವುದೂ ಅವರ ಇಚ್ಛೆಯಿಂದಲ್ಲ. ಹಿಡಿಯುವ ಸ್ನಾಯುಗಳು ಆಗಲೇ ಬಿಡುವಿಲ್ಲದೆ ದುಡಿಯುತ್ತಿವೆ, ಸೋತಿರುವುದು ಬಿಚ್ಚುವ ಸ್ನಾಯುಗಳು.

ಮುಷ್ಟಿ ಬಿಡಿಸುವಾಗ ಬೆರಳ ತುದಿ ಹಿಡಿದು ಎಳೆಯಬೇಡಿ. ಅವರನ್ನು ಕೂರಿಸಿ, ಮೇಜಿನ ಮೇಲೆ ದಿಂಬಿಟ್ಟು ತೋಳನ್ನು ಅದರ ಮೇಲಿಡಿ. ಮಣಿಕಟ್ಟನ್ನು ಒಳಮುಖವಾಗಿ ಇನ್ನಷ್ಟು ಬಾಗಿಸಿ, ಬೆರಳು ತಾವೇ ಸಡಿಲಾಗುತ್ತವೆ. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ, ಆಮೇಲೆ ಉಳಿದ ಬೆರಳು, ಕೊನೆಗೆ ಮಣಿಕಟ್ಟನ್ನು ನಿಧಾನಕ್ಕೆ ಮೇಲಕ್ಕೆ. ಹಾಗೇ ಒಂದು ನಿಮಿಷ ಹಿಡಿದಿರಿ. ಅದೇ ಹೊತ್ತಿಗೆ ಅಂಗೈ ತೊಳೆದು ಒಣಗಿಸಿ, ಉಗುರು ಕತ್ತರಿಸಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಅಂಗೈ ಬೇಗ ಕೊಳೆಯುತ್ತದೆ.

ಬೆರಳು ಒಂದಿಷ್ಟಾದರೂ ಆಡುತ್ತಿದ್ದರೆ ಕೆಲಸ ಕೊಡಿ. ಒಣಗಿದ ಕಾಫಿ ಹಣ್ಣು ನಾಲ್ಕು ಹಿಡಿದು ಇನ್ನೊಂದು ಬಟ್ಟಲಿಗೆ ಹಾಕಲಿ. ಹಿಡಿಯುವುದಕ್ಕಿಂತ ಬಿಡುವುದೇ ಅವರಿಗೆ ಕಸರತ್ತು. ಬೇಗ ಚೇತರಿಸುವ ಕಾಲ ಮೊದಲ ಮೂರು ತಿಂಗಳು ನಿಜ, ಆದರೆ ಆಮೇಲೂ ಕೈ ಕಲಿಯುತ್ತದೆ.

ಆ ಕೈ ಹಿಡಿದು ಅವರನ್ನು ಎಬ್ಬಿಸಬೇಡಿ, ಭುಜದ ಕೀಲು ಜಾರೀತು. ಬಿಸಿ ಶಾಖ ಕೊಡುವ ಮುನ್ನ ನಿಮ್ಮ ಕೈಗೆ ತಾಗಿಸಿ ನೋಡಿ, ಸ್ಪರ್ಶ ಮಂದವಾಗಿದ್ದರೆ ಸುಟ್ಟರೂ ಅವರಿಗೆ ತಿಳಿಯದು. ಒಂದು ದಿನ ಇದ್ದಕ್ಕಿದ್ದಂತೆ ಬಿಗಿ ಹೆಚ್ಚಾದರೆ ಮಲಬದ್ಧತೆ, ಮೂತ್ರದ ಸೋಂಕು, ಹುಣ್ಣು, ಚಳಿ ಇವುಗಳಲ್ಲಿ ಯಾವುದಾದರೂ ಇದೆಯೇ ಹುಡುಕಿ.

ಇಷ್ಟಾಗಿಯೂ ಅಂಗೈ ಬಿಚ್ಚದಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್ ಬಿಗಿಯಾದ ಸ್ನಾಯುವನ್ನಷ್ಟೇ ಸಡಿಲಿಸುತ್ತದೆ, ಪರಿಣಾಮ ಸುಮಾರು ಮೂರು ತಿಂಗಳು. ಆ ಅವಧಿಯಲ್ಲಿ ವ್ಯಾಯಾಮ ಮಾಡಿಸದಿದ್ದರೆ ದುಡ್ಡು ದಂಡ. ಬಿಗಿತ ಇಳಿಸುವ ಬಾಕ್ಲೋಫೆನ್ ಮಾತ್ರೆ ಕೊಟ್ಟಿದ್ದರೆ ತೂಕಡಿಕೆ, ನಿಶ್ಶಕ್ತಿ ಬರಬಹುದು. ಹಾಗೆಂದು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ.